ಔಷಧ ಕೊಟ್ಟ ಮೇಲಿನ ನಿಗಾಕ್ಕೂ ನರ್ಸ್‌ಗಳಿಗೆ ಸಮಯ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಗಳ ಕೊರತೆಯ ಮಾತು ಬಂದಾಗಲೆಲ್ಲ ಚರ್ಚೆ ಖಾಲಿ ಹುದ್ದೆಗಳ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಆ ಕೊರತೆಯಿಂದ ಮೊದಲು ಸೊರಗುವುದು ಔಷಧ ಕೊಟ್ಟ ನಂತರ ರೋಗಿಯ ಮೇಲೆ ಇಡಬೇಕಾದ ನಿಗಾ ಎಂಬುದನ್ನು ಓದುಗರ ಹಾಗೂ ಆರೋಗ್ಯ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ. ಔಷಧ ಬರೆಯುವವರು ವೈದ್ಯರು; ಅದು ಮೈಗೆ ಸೇರಿದ ಮೇಲೆ ಏನು ಮಾಡುತ್ತಿದೆ ಎಂದು ಹಗಲಿರುಳು ನೋಡುವವರು ವಾರ್ಡಿನ ನರ್ಸ್‌ಗಳು.

ಹೆರಿಗೆ ವಾರ್ಡನ್ನೇ ನೋಡಿ. ರಕ್ತದೊತ್ತಡ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ತಾಯಿಯ ಜೀವ ಉಳಿಸುವ ಈ ಮದ್ದು ರಕ್ತದಲ್ಲಿ ಮಿತಿಮೀರಿದರೆ ಉಸಿರನ್ನೇ ನಿಲ್ಲಿಸಬಲ್ಲದು. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಮುಂದಿನ ಚುಚ್ಚುಮದ್ದು ಕೊಡುವ ಮುನ್ನ, ಮೊಣಕಾಲ ಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ಜಿಗಿಯುತ್ತದೆಯೇ, ಉಸಿರಾಟ ನಿಮಿಷಕ್ಕೆ ಕನಿಷ್ಠ 16 ಇದೆಯೇ, ಗಂಟೆಗೆ ಕನಿಷ್ಠ 30 ಮಿಲಿಲೀಟರ್‌ನಂತೆ ಮೂತ್ರ ಚೀಲಕ್ಕೆ ಇಳಿದಿದೆಯೇ ಎಂದು ನರ್ಸ್ ಖಚಿತಪಡಿಸಿಕೊಳ್ಳಬೇಕು. ಈ ಔಷಧ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರ ಕಡಿಮೆಯಾದರೆ ಅದು ರಕ್ತದಲ್ಲೇ ಉಳಿದು ಹೆಚ್ಚುತ್ತದೆ. ಮೊದಲು ಇಲ್ಲವಾಗುವುದು ಮೊಣಕಾಲಿನ ಜಿಗಿತ, ಉಸಿರು ಕುಂದುವುದು ಆಮೇಲೆ. ಆ ನಡುವಿನ ಹೊತ್ತಿನಲ್ಲೇ ಚುಚ್ಚುಮದ್ದು ತಡೆಹಿಡಿದು ವೈದ್ಯರನ್ನು ಕರೆಯಬೇಕು. ಮೆಗ್ನೀಸಿಯಂ ಮಿತಿಮೀರಿದಾಗ ಕೊಡುವ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟಕುವಲ್ಲಿ ಇರಬೇಕು. ಒಂದು ನಿಮಿಷ ಪೂರ್ತಿ ಉಸಿರು ಎಣಿಸಲು ಬಿಡುವಿಲ್ಲದಂತೆ ಡ್ಯೂಟಿ ಹಾಕಿ, ಕೇಸ್ ಶೀಟ್‌ನಲ್ಲಿ ಮಾತ್ರ ಎಲ್ಲ ಅಂಕಣಗಳೂ ಭರ್ತಿಯಾಗಿರಬೇಕೆಂದು ಬಯಸುವುದು ತಾಯಂದಿರಿಗೆ ಮಾಡುವ ಅನ್ಯಾಯ.

ಒಂದು ಔಷಧ ಇನ್ನೊಂದರ ಜೊತೆ ಸೇರಿ ತರುವ ತೊಂದರೆ ಇನ್ನೂ ಸೂಕ್ಷ್ಮವಾದುದು. ಹೃದಯದ ಕಾಯಿಲೆಗೆ ಡಿಗಾಕ್ಸಿನ್ ನುಂಗುವವರಿಗೆ ಕಾಲು ಊದಿದೆಯೆಂದು ಮೂತ್ರ ಹೆಚ್ಚಿಸುವ ಫ್ರುಸಮೈಡ್ ಸೇರಿಸಿದಾಗ, ಮೂತ್ರದ ಜೊತೆ ಪೊಟ್ಯಾಸಿಯಂ ಹೋಗಿ, ಅದೇ ಪ್ರಮಾಣದ ಡಿಗಾಕ್ಸಿನ್ ವಿಷವಾಗಬಹುದು. ಅದರ ಸುಳಿವು ಮೊದಲು ಸಿಗುವುದು, ಅನೇಕ ವೇಳೆ, “ಸಿಸ್ಟರ್, ಊಟ ಸೇರ್ತಿಲ್ಲ, ವಾಕರಿಕೆ” ಎಂಬ ರೋಗಿಯ ಮಾತಿನಲ್ಲಿ. ಆ ಮಾತಿಗೆ ಕಿವಿಗೊಟ್ಟು, ನಾಡಿ 60ಕ್ಕಿಂತ ಕೆಳಗಿದ್ದರೆ ಮಾತ್ರೆ ಕೊಡದೆ ವೈದ್ಯರಿಗೆ ತಿಳಿಸುವುದು ನರ್ಸ್‌ನ ಕರ್ತವ್ಯ. ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರ ವಿಷಯವೂ ಹೀಗೆಯೇ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಪಡೆದ ನೋವಿನ ಮಾತ್ರೆ, ಭೇದಿಗೆಂದು ನುಂಗಿದ ಮೆಟ್ರೊನಿಡಜೋಲ್, ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ನಾಟಿ ಔಷಧ ತೆಗೆದುಕೊಂಡದ್ದನ್ನು ವೈದ್ಯರ ಮುಂದೆ ಹೇಳಲು ಹಿಂಜರಿಯುವವರು ರಾತ್ರಿ ಪಾಳಿಯ ನರ್ಸ್ ಬಳಿ ಹೇಳುತ್ತಾರೆ. ಮಂಚದ ಕೆಳಗಿನ ಚೀಲದಿಂದ ಮನೆಯ ಮಾತ್ರೆಗಳನ್ನೆಲ್ಲ ತೆಗೆದು ತೋರಿಸುತ್ತಾರೆ. ವಸಡಿನಲ್ಲಿ ರಕ್ತ ಬಂತೇ, ಮಲ ಕಪ್ಪಾಗಿದೆಯೇ ಎಂದು ಕೇಳಿ ತಿಳಿಯುವುದಕ್ಕೆ ಹಾಸಿಗೆಯ ಬಳಿ ನಿಲ್ಲುವಷ್ಟು ಸಮಯ ಬೇಕು.

ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು ನರ್ಸ್ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡಿಕೊಂಡವರಿಗೆ ಆ ಮಾನದಂಡಕ್ಕೂ ವಾಸ್ತವಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು. ಹುದ್ದೆ ಭರ್ತಿಯ ಪ್ರಸ್ತಾವ ಸಿದ್ಧವಾಗುವಾಗ ಹಾಸಿಗೆಗಳನ್ನಷ್ಟೇ ಎಣಿಸದೆ, ಯಾವ ವಾರ್ಡಿನಲ್ಲಿ ಎಷ್ಟು ಅಪಾಯಕಾರಿ ಔಷಧಗಳು ಬಳಕೆಯಾಗುತ್ತವೆ ಎಂಬುದನ್ನೂ ಪರಿಗಣಿಸಬೇಕು.

ಇನ್ನೊಂದು ಕೋರಿಕೆ. ಔಷಧಗಳ ದುಷ್ಪರಿಣಾಮ ದಾಖಲಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯಾ ಆಯೋಗ ಅದನ್ನು ನಡೆಸುತ್ತದೆ. ವರದಿಯನ್ನು ವೈದ್ಯರೇ ಬರೆಯಬೇಕೆಂದಿಲ್ಲ. ನರ್ಸ್‌ಗಳೂ ಬರೆಯಬಹುದು, 1800-180-3024 ಉಚಿತ ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಆದರೆ ದದ್ದು ಎದ್ದಿತು ಎಂದು ವರದಿ ಮಾಡಿದರೆ ತಮ್ಮದೇ ತಪ್ಪೆಂದು ವಿಚಾರಣೆ ನಡೆದೀತೆಂಬ ಭಯ ಕಿರಿಯ ನರ್ಸ್‌ಗಳಲ್ಲಿದೆ. ವರದಿ ಮಾಡಿದ ಕಾರಣಕ್ಕೆ ಯಾರ ಮೇಲೂ ಕ್ರಮ ಜರುಗಿಸುವುದಿಲ್ಲ ಎಂದು ಇಲಾಖೆ ಲಿಖಿತ ಸುತ್ತೋಲೆ ಹೊರಡಿಸಿ, ವರದಿಯ ನಮೂನೆ ಪ್ರತಿ ವಾರ್ಡಿನ ನರ್ಸ್‌ಗಳ ಮೇಜಿನ ಮೇಲೆ ಇರುವಂತೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶುಶ್ರೂಷಾಧಿಕಾರಿ, ಹಾಸನ