ಹಿಮಾಲಯದ ಕೆರೆಗಳ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಕೇಳಿ: ಹಾವೇರಿ-ಗದಗ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಲಕ್ಷ್ಮೇಶ್ವರದಿಂದ ನಮಸ್ಕಾರಗಳು.

ಇದು ರಸ್ತೆ, ಚರಂಡಿಯ ಅರ್ಜಿ ಅಲ್ಲ. ಗದಗ-ಯಲವಿಗಿ ರೈಲು ಮಾರ್ಗದ್ದೂ ಅಲ್ಲ. ಆ ಅರ್ಜಿ ಹೇಗೂ ಹಳೆಯದು, ಇನ್ನೊಮ್ಮೆ ಕೊಟ್ಟರಾಯಿತು. ನಾನು ಬರೆಯುತ್ತಿರುವುದು ಹಿಮಾಲಯದ ಹಿಮನದಿಗಳು ಮತ್ತು ಅವುಗಳ ಬುಡದಲ್ಲಿರುವ ಕೆರೆಗಳ ಬಗ್ಗೆ. ಎರೆ ಹೊಲದ ಸೀಮೆಯವರಿಗೆ ಅಲ್ಲಿಯ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು.

ನಮ್ಮ ಪಕ್ಕದ್ದೇ ಕುಂದಗೋಳ ತಾಲ್ಲೂಕು. ಅಲ್ಲಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಇದ್ದರು. ಜೀವಂತ ಸಿಕ್ಕರು, ಆದರೆ ಉಳಿಯಲಿಲ್ಲ. ಇನ್ನು ಕೇದಾರನಾಥ ಗುಡಿಯ ಮುಖ್ಯ ಗುರುಗಳಾದ ರಾವಲರು ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರು. ಅಲ್ಲಿಗೆ ಹೋಗಿ ಬಂದವರು ನಮ್ಮಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. 2013ರ ಜೂನ್ 17ರ ಬೆಳಿಗ್ಗೆ ಒಡೆದ ಚೋರಾಬಾರಿ ಕೆರೆ ಇದ್ದದ್ದು ಅದೇ ಗುಡಿಯ ಮೇಲ್ಗಡೆ. ಹಾಗಾಗಿ ಹಿಮಾಲಯ ನಮಗೆ ಅಷ್ಟೇನೂ ದೂರವಿಲ್ಲ.

ನೀವು ನೀರಾವರಿ ಖಾತೆ ನೋಡಿಕೊಂಡವರು. ಏರಿ, ಕೋಡಿ, ತೂಬು ಏನೆಂದು ನಾನು ಹೇಳಬೇಕಿಲ್ಲ. ಹಿಮನದಿ ಕರಗಿ ಹಿಂದೆ ಸರಿದಾಗ ಅದು ಬಿಟ್ಟುಹೋದ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದು ಹಿಂದೊಮ್ಮೆ ತಳ್ಳಿಕೊಂಡು ಬಂದ ಕಲ್ಲು, ಮಣ್ಣು, ಮರಳಿನ ರಾಶಿಯೇ ಆ ಕೆರೆಗೆ ಏರಿ. ಯಾರೂ ಕಟ್ಟಿದ್ದಲ್ಲ, ಯಾರೂ ಬಡಿದು ಗಟ್ಟಿ ಮಾಡಿದ್ದಲ್ಲ. ಎಷ್ಟೋ ಕಡೆ ಆ ರಾಶಿಯೊಳಗೆ ಹಳೇ ಮಂಜುಗಡ್ಡೆಯೂ ಇರುತ್ತದೆ. ಅದು ಕರಗಿದಷ್ಟೂ ಏರಿ ಕುಗ್ಗುತ್ತದೆ.

ನಮ್ಮ ಕೆರೆಗೆ ಭಯ ಮಳೆಯದು. ಅಲ್ಲಿ ಮಳೆಯ ಜೊತೆಗೆ ಮೇಲಿನಿಂದ ಬೀಳುವುದರ ಭಯವೂ ಇದೆ. ಹಿಮನದಿಯ ತುದಿ ಮುರಿದು ಬೀಳಬಹುದು. ಇಷ್ಟು ವರ್ಷ ಹೆಪ್ಪುಗಟ್ಟಿ ನಿಂತಿದ್ದ ಇಳಿಜಾರು ಸಡಿಲವಾಗಿ ಜಾರಬಹುದು. ಬಿದ್ದದ್ದು ಕೆರೆಯಲ್ಲಿ ದೊಡ್ಡ ಅಲೆ ಎಬ್ಬಿಸುತ್ತದೆ, ಅಲೆ ಏರಿ ದಾಟುತ್ತದೆ, ದಾಟಿದ ನೀರು ಏರಿಯನ್ನೇ ಕೊರೆಯುತ್ತದೆ. ಆಮೇಲೆ ಅದನ್ನು ತಡೆಯುವವರು ಯಾರೂ ಇಲ್ಲ. ನೇಪಾಳದ ದಿಗ್ ತ್ಸೋ ಕೆರೆಗೆ 1985ರಲ್ಲಿ ಹಿಮ ಕುಸಿದು ಬಿದ್ದಾಗ ಆದದ್ದು ಇದೇ. ಕೆಳಗೆ ಕಟ್ಟಿ ಮುಗಿಯುತ್ತಾ ಬಂದಿದ್ದ ವಿದ್ಯುತ್ ಘಟಕ ಕೊಚ್ಚಿಹೋಯಿತು.

ಸಿಕ್ಕಿಂನ ದಕ್ಷಿಣ ಲ್ಹೋನಕ್ ಕೆರೆ 1970ರ ದಶಕದಲ್ಲಿ ಸಣ್ಣದಿತ್ತು. 2023ರ ಹೊತ್ತಿಗೆ ಸುಮಾರು 400 ಎಕರೆ ಆಗಿತ್ತು, ಅಂದರೆ ಹೆಚ್ಚುಕಡಿಮೆ ಎರಡು ಉಣಕಲ್ ಕೆರೆಯಷ್ಟು. ಆ ವರ್ಷ ಅಕ್ಟೋಬರ್ 3ರ ರಾತ್ರಿ ಪಕ್ಕದ ಹೆಪ್ಪುಗಟ್ಟಿದ ದಂಡೆಯಿಂದ ಸುಮಾರು 1.47 ಕೋಟಿ ಘನ ಮೀಟರ್ ಕಲ್ಲುಮಣ್ಣು ಕೆರೆಗೆ ಜಾರಿತು. ಎದ್ದ ಅಲೆಯ ಎತ್ತರ ಸುಮಾರು 20 ಮೀಟರ್. ಹೊರಬಿದ್ದ ನೀರು 5 ಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೂಮುಕ್ಕಾಲು ಟಿಎಂಸಿ. 2018ರ ಮಹದಾಯಿ ತೀರ್ಪಿನಲ್ಲಿ ಕಳಸಾದಿಂದ ನಮಗೆ ಸಿಕ್ಕ ಪಾಲು 1.72 ಟಿಎಂಸಿ ಅಲ್ವಾ? ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತ ಮೇಲೆ ಕಳಸಾದಿಂದ ಸಿಕ್ಕ ಪಾಲಿನಷ್ಟು ನೀರು ಅಲ್ಲಿ ಒಂದೇ ರಾತ್ರಿ ಹರಿದುಹೋಯಿತು.

60 ಕಿಲೋಮೀಟರಿಗೂ ಜಾಸ್ತಿ ಕೆಳಗೆ ಚುಂಗ್‌ಥಾಂಗ್‌ನಲ್ಲಿ ತೀಸ್ತಾ-3 ಅಣೆಕಟ್ಟು ಇತ್ತು. 1200 ಮೆಗಾವಾಟ್‌ನ ಯೋಜನೆ. ನಡುರಾತ್ರಿ ದಾಟುವಷ್ಟರಲ್ಲಿ ಅದು ಒಡೆದಿತ್ತು, ಅದರ ಹಿಂದೆ ನಿಂತಿದ್ದ ನೀರೂ ಪ್ರವಾಹಕ್ಕೆ ಸೇರಿತು. ಇನ್ನೂ ಕೆಳಗೆ ಬರ್ದಾಂಗ್‌ನಲ್ಲಿದ್ದ 20ಕ್ಕೂ ಹೆಚ್ಚು ಸೈನಿಕರು ಕೊಚ್ಚಿಹೋದರು.

ನನಗೆ ಸಿಟ್ಟು ಬರುವುದು ಇಲ್ಲಿ. ಈ ಕೆರೆ ಅಪಾಯದ್ದು ಅಂತ ಮೊದಲೇ ಗೊತ್ತಿತ್ತು. 2016ರಲ್ಲಿ ಸೈಫನ್ ಪೈಪು ಹಾಕಿ ನೀರು ಇಳಿಸುವ ಕೆಲಸವೂ ನಡೆದಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಕ್ಯಾಮೆರಾ, ಹವಾಮಾನ ಉಪಕರಣ ಕೂರಿಸಿದರು. ತಿಂಗಳು ಮುಗಿಯುವ ಮೊದಲೇ ಅದಕ್ಕೆ ವಿದ್ಯುತ್ ಇಲ್ಲದೆ ಸುದ್ದಿ ಬರುವುದು ನಿಂತಿತು. ಉಪಕರಣ ಕೂರಿಸಿದ ಫೋಟೋ ಇರುತ್ತದೆ, ಅದು ಕೆಲಸ ಮಾಡುತ್ತಿದೆಯಾ ಅಂತ ನೋಡುವವರು ಇರುವುದಿಲ್ಲ. ಇದು ನಮ್ಮ ಕಡೆಯೂ ಕಂಡದ್ದೇ, ಬಿಡಿ.

ಮಾಡಿದರೆ ಆಗುತ್ತದೆ. ನೇಪಾಳದವರು 2016ರಲ್ಲಿ ತಮ್ಮ ಸೈನ್ಯ ಹಚ್ಚಿ, 5000 ಮೀಟರ್ ಎತ್ತರದಲ್ಲಿ, ಇಮ್ಜಾ ಕೆರೆಗೆ ಕಾಲುವೆ ತೋಡಿ ಗೇಟು ಕೂರಿಸಿ ನೀರನ್ನು 3.4 ಮೀಟರ್ ಇಳಿಸಿದರು. ಕೆರೆಗೆ ಕೋಡಿ ಮಾಡಿಕೊಟ್ಟ ಹಾಗೆ. ಸ್ವಿಟ್ಜರ್‌ಲೆಂಡಿನ ಬ್ಲಾಟೆನ್‌ನಲ್ಲಿ 2025ರ ಮೇ 28ರಂದು ಬಿರ್ಚ್ ಹಿಮನದಿ ಕುಸಿದು ಊರನ್ನೇ ಮುಚ್ಚಿತು. ಬಿದ್ದ ರಾಶಿ ಹೊಳೆಗೆ ಅಡ್ಡವಾಗಿ ಹೊಸ ಕೆರೆಯೇ ನಿಂತಿತು, ಉಳಿದಿದ್ದ ಮನೆಗಳು ಅದರಲ್ಲಿ ಮುಳುಗಿದವು. ಆದರೆ 300 ಜನರನ್ನು ದನಕರು ಸಮೇತ ಅದಕ್ಕೆ ಒಂಬತ್ತು ದಿನ ಮೊದಲೇ ಸಾಗಿಸಿದ್ದರು. ಬಲಿಯಾದದ್ದು ಒಬ್ಬರು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಕೊಣ್ಣೂರು, ಲಖಮಾಪುರಕ್ಕೆ ನುಗ್ಗಿದ್ದು ನಿಮಗೆ ನೆನಪಿದೆ. ಅಲ್ಲಿ ಮಳೆ, ಡ್ಯಾಮಿನ ಮಟ್ಟ ನೋಡಿಯಾದರೂ ಜನರಿಗೆ ಅಂದಾಜು ಸಿಗುತ್ತದೆ. ಚುಂಗ್‌ಥಾಂಗ್‌ನವರಿಗೆ ಇದ್ದದ್ದು ಎರಡು ಗಂಟೆಯ ಆಸುಪಾಸು, ಅದೂ ರಾತ್ರಿ.

ನನ್ನ ಕೋರಿಕೆ ಇಷ್ಟೇ. 2024ರಲ್ಲಿ ಕೇಂದ್ರ ಸರ್ಕಾರ ಅರುಣಾಚಲ, ಸಿಕ್ಕಿಂ, ಉತ್ತರಾಖಂಡ, ಹಿಮಾಚಲಕ್ಕಾಗಿ 150 ಕೋಟಿ ರೂಪಾಯಿಯ ಹಿಮನದಿ ಕೆರೆ ಅಪಾಯ ತಗ್ಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ ಹಾಕಿ. ಇವತ್ತಿನ ದಿನಕ್ಕೆ ಎಷ್ಟು ಕೆರೆಗಳ ಉಪಕರಣ ಚಾಲೂ ಇವೆ? ಸೈರನ್ ಎಷ್ಟು ಊರಲ್ಲಿ ಕೇಳಿಸುತ್ತದೆ? ಎಷ್ಟು ಕೆರೆಗಳ ನೀರು ಇಳಿಸಿದ್ದಾರೆ? ‘ಕ್ರಮ ಕೈಗೊಳ್ಳಲಾಗುತ್ತಿದೆ’ ಅಂತ ಉತ್ತರ ಬಂದರೆ ಸುಮ್ನೆ ಕೂರಬೇಡಿ, ಕೆರೆಗಳ ಹೆಸರು ಸಮೇತ ಪಟ್ಟಿ ಕೇಳಿ.

ಜೊತೆಗೆ ತೀಸ್ತಾ-3. ಅದೇ ಜಾಗದಲ್ಲಿ, ಈ ಸಲ ಕಾಂಕ್ರೀಟಿನಲ್ಲಿ, ಮೊದಲಿಗಿಂತ ಎತ್ತರದ ಅಣೆಕಟ್ಟಿಗೆ 2025ರ ಜನವರಿಯಲ್ಲಿ ಪರಿಸರ ಸಚಿವಾಲಯದ ತಜ್ಞರ ಸಮಿತಿ ಶಿಫಾರಸು ಮಾಡಿದೆ. ಮೇಲಿನ ಕೆರೆ ಇನ್ನೂ ಅಲ್ಲೇ ಇದೆ. ಅದು ಮತ್ತೆ ಒಡೆದರೆ ಗೇಟು ತೆರೆಯಲು ಎಷ್ಟು ಹೊತ್ತು ಬೇಕು, ಸಿಬ್ಬಂದಿಗೆ ಸುದ್ದಿ ಮುಟ್ಟಿಸುವವರು ಯಾರು, ಇದನ್ನೂ ಕೇಳಿ. ಬಂದ ಉತ್ತರವನ್ನು ಕನ್ನಡದಲ್ಲಿ ನಮ್ಮ ಪತ್ರಿಕೆಗಳಿಗೂ ಕೊಡಿ. ಚಾರಧಾಮಕ್ಕೆ ಹೊರಟವರು, ಗಡಿಯಲ್ಲಿ ಮಕ್ಕಳಿರುವವರು ಓದುತ್ತಾರೆ.

ಇಂತಿ ನಿಮ್ಮ ಮತದಾರ,
ಲಕ್ಷ್ಮೇಶ್ವರ, ಗದಗ ಜಿಲ್ಲೆ