ಮೊದಲ ಕೆಲಸ ಆರಿಸುವ ಮುಂಚೆ

ಪ್ರೀತಿಯ ಪುಟ್ಟಿಗೆ,

ನಿಮ್ಮ ನರ್ಸಿಂಗ್ ಕ್ಲಾಸಿನವರೆಲ್ಲ ಮೊದಲ ಕೆಲಸಕ್ಕೆ ಐಸಿಯು, ಆಪರೇಷನ್ ಥಿಯೇಟರ್ ಅಂತ ಆಗಲೇ ತೀರ್ಮಾನ ಮಾಡಿದ್ದಾರೆ, ನನಗೊಬ್ಬಳಿಗೇ ಏನೂ ಹೊಳೆಯುತ್ತಿಲ್ಲ, ಹೇಳಿಕೊಳ್ಳೋಕೆ ಅನುಭವವೂ ಇಲ್ಲ ಅಂತ ಬರೆದಿದ್ದೀಯ. ಓದಿ ನನಗೆ ಸಮಾಧಾನವೇ ಆಯಿತು. ಮೂರನೇ ವರ್ಷಕ್ಕೇ ಎಲ್ಲ ಗೊತ್ತಾಗಿಬಿಟ್ಟಿದೆ ಅನ್ನುವವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. ಅವರಾದರೂ ಐಸಿಯುನಲ್ಲಿ ಎಷ್ಟು ದಿನ ನಿಂತಿದ್ದಾರೆ ಹೇಳು? ಕಲಿಯೋಕೆ ಅಂತ ವಾರ್ಡಿಗೆ ಹಾಕುವ ಕೆಲವು ವಾರದ ಪೋಸ್ಟಿಂಗ್, ಅಷ್ಟೇ ಅಲ್ವಾ? ಅಷ್ಟು ನೋಡಿ ಆಸೆಪಡುವುದು ತಪ್ಪಲ್ಲ, ಜೀವಮಾನದ ಲೆಕ್ಕ ಹಾಕಬಾರದು.

ನಾನು ಹೇಳುವುದು ಇಷ್ಟೇ. ಮೊದಲ ಕೆಲಸಕ್ಕೆ ಯಾವ ವಾರ್ಡ್ ಅಂತ ನೋಡಬೇಡ. ಅಲ್ಲಿ ನಿನಗೆ ಕಲಿಸುವವರು ಯಾರಿದ್ದಾರೆ ಅಂತ ನೋಡು.

ಯಾಕೆ ಹೇಳುತ್ತೇನೆ ಕೇಳು. ನಾನು ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಮೆಡಿಕಲ್ ವಾರ್ಡ್, ರಾತ್ರಿ ಪಾಳಿ. ಒಬ್ಬ ಅಜ್ಜನಿಗೆ 4 ಯೂನಿಟ್ ಇನ್ಸುಲಿನ್ ಬರೆದಿದ್ದರು. ಯೂನಿಟ್ ಅಂತ ಪೂರ್ತಿ ಬರೆದಿರಲಿಲ್ಲ, 4ರ ಪಕ್ಕ ಇಂಗ್ಲಿಷಿನ ಯು ಅಕ್ಷರ ಒಂದೇ. ಅವಸರದ ಕೈಬರಹದಲ್ಲಿ ಆ ಯು ಮೇಲೆ ಕೂಡಿಕೊಂಡು ಸೊನ್ನೆಯ ಹಾಗಾಗಿತ್ತು. ನಾನು 40 ಅಂತ ಓದಿದೆ. ಸಿರಿಂಜಿಗೆ ಎಳೆದೂ ಆಯಿತು. ನಮ್ಮ ಸೀನಿಯರ್ ಸಿಸ್ಟರ್‌ಗೆ ಒಂದು ಅಭ್ಯಾಸ, ಇನ್ಸುಲಿನ್ ಅಂದರೆ ಇಬ್ಬರು ನೋಡಲೇಬೇಕು. ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದರು. ಗದರಲಿಲ್ಲ. ‘ಇವರ ಶುಗರ್ ಎಷ್ಟಿತ್ತಮ್ಮ?’ ಅಂದರು. ಹೇಳಿದೆ. ‘ಅಷ್ಟಕ್ಕೆ ಇಷ್ಟು ಕೊಡ್ತಾರಾ?’ ಅಂದರು. ನನ್ನ ಕೈ ತಣ್ಣಗಾಗಿಹೋಯಿತು.

ಅಜ್ಜ ಬೆಳಿಗ್ಗೆ ಎದ್ದು ಕನ್ನಡಕ ಎಲ್ಲಿ ಅಂತ ಕೇಳಿದರು. ಆವತ್ತು ನಾನೊಬ್ಬಳೇ ಇದ್ದಿದ್ದರೆ ರಾತ್ರಿಯೇ ಶುಗರ್ ಇಳಿದು ಅವರಿಗೆ ಎಚ್ಚರ ತಪ್ಪುತ್ತಿತ್ತು. ನಿದ್ದೆ ಬಂದಿದೆ ಅಂದುಕೊಂಡು ನಾನು ಸುಮ್ಮನಿರುತ್ತಿದ್ದೆ. ಈಗ ಎಷ್ಟೋ ಕಡೆ ಯೂನಿಟ್ ಅಂತ ಪೂರ್ತಿ ಬರೆಯಬೇಕು ಅನ್ನುವ ನಿಯಮವಿದೆ. ಆದರೂ ಹೊಸಬರ ಪಕ್ಕದಲ್ಲಿ ನಿಲ್ಲುವ ಆ ಸಿಸ್ಟರ್ ಥರದವರು ಎಲ್ಲ ಕಡೆ ಇರುವುದಿಲ್ಲ, ಪುಟ್ಟಿ.

ಅದಕ್ಕೇ ಇಂಟರ್‌ವ್ಯೂನಲ್ಲಿ ನೀನೂ ಪ್ರಶ್ನೆ ಕೇಳು. ಹೊಸಬರನ್ನು ಎಷ್ಟು ದಿನ ಸೀನಿಯರ್ ಜೊತೆ ಹಾಕುತ್ತೀರಿ? ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಏನಾದರೂ ಗೊತ್ತಾಗದಿದ್ದರೆ ಆ ಹೊತ್ತಿನಲ್ಲಿ ಯಾರನ್ನು ಕರೆಯಬೇಕು? ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯಬೇಡ. ‘ಬಂದ ಮೇಲೆ ಎಲ್ಲ ಗೊತ್ತಾಗುತ್ತೆ’ ಅಂತ ಮಾತು ಹಾರಿಸಿದರೆ ಅದೂ ಒಂದು ಉತ್ತರವೇ. ಸಂಬಳ ಸ್ವಲ್ಪ ಜಾಸ್ತಿ ಅಂತ ಅಂಥ ಕಡೆ ಹೋಗಬೇಡ.

ಪೆಟ್ರಿಷಿಯಾ ಬೆನ್ನರ್ ಅಂತ ಅಮೆರಿಕದ ನರ್ಸಿಂಗ್ ಸಂಶೋಧಕಿ. ನರ್ಸ್ ಒಬ್ಬಳು ಬೆಳೆಯುವುದು ಐದು ಮೆಟ್ಟಿಲಲ್ಲಿ ಅಂತ 1984ರಲ್ಲಿ ಬರೆದರು. ಒಂದೇ ಥರದ ಕೆಲಸದಲ್ಲಿ ಎರಡು ಮೂರು ವರ್ಷ ಇದ್ದ ಮೇಲೆ ಮೂರನೇ ಮೆಟ್ಟಿಲು ಸಿಗುತ್ತದೆ ಅನ್ನುತ್ತಾರೆ. ಪಳಗಿದವರೂ ಗೊತ್ತಿಲ್ಲದ ವಿಭಾಗಕ್ಕೆ ಹೋದರೆ ಮತ್ತೆ ಕೆಳಗಿನಿಂದಲೇ ಹತ್ತಬೇಕು. ಹೆರಿಗೆ ವಾರ್ಡಿನಿಂದ ಡಯಾಲಿಸಿಸ್‌ಗೆ ಹೋದಾಗ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಹಾಗಾಗಿ ಮೊದಲ ವರ್ಷವೇ ಜಾಗ ಬದಲಾಯಿಸುತ್ತಾ ಹೋಗಬೇಡ.

ಇನ್ನು ಅನುಭವದ ಮಾತು. ವಿದ್ಯಾರ್ಥಿಯಾಗಿ ನಿನ್ನ ಹತ್ತಿರ ಇರುವ ಒಂದು ವಸ್ತು ಸ್ಟಾಫ್ ಹತ್ತಿರ ಇಲ್ಲ. ಸಮಯ. ಅದನ್ನು ಬಳಸಿಕೋ. ಉಸಿರಾಟ ಎಣಿಸುವುದನ್ನೇ ನೋಡು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ. ಕೆಲಸದ ಒತ್ತಡದಲ್ಲಿ ಎಷ್ಟೋ ಜನ ಅರ್ಧ ನಿಮಿಷ ನೋಡಿ ಎರಡರಿಂದ ಗುಣಿಸುತ್ತಾರೆ, ಇನ್ನು ಕೆಲವರು ಎಣಿಸದೆ 18 ಅಂತ ಬರೆದುಬಿಡುತ್ತಾರೆ. ನೀನು ಪೂರ್ತಿ ಒಂದು ನಿಮಿಷ ಎಣಿಸು. ಎಣಿಸುತ್ತಿದ್ದೇನೆ ಅಂತ ಹೇಳಬೇಡ, ಹೇಳಿದರೆ ಉಸಿರಿನ ರೀತಿಯೇ ಬದಲಾಗುತ್ತದೆ. ನಾಡಿ ಹಿಡಿದ ಕೈ ಹಾಗೇ ಇರಲಿ, ಕಣ್ಣು ಎದೆಯ ಮೇಲಿರಲಿ. ಬೆಳಿಗ್ಗೆ 16 ಇದ್ದದ್ದು ಮಧ್ಯಾಹ್ನ 24 ಆದರೆ, ಬಿಪಿ ಸರಿಯಾಗಿಯೇ ಇದ್ದರೂ ಹೋಗಿ ಹೇಳು. ಒಳಗೆ ಏನೋ ಕೆಡುತ್ತಿದ್ದರೆ ಎಷ್ಟೋ ಸಲ ಉಸಿರೇ ಮೊದಲು ತೋರಿಸುತ್ತದೆ.

ಅಂಥದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡು. ಏನು ನೋಡಿದೆ, ಯಾರಿಗೆ ಹೇಳಿದೆ, ಆಮೇಲೆ ಏನಾಯಿತು. ರೋಗಿಯ ಹೆಸರು, ಬೆಡ್ ನಂಬರ್ ಮಾತ್ರ ಬೇಡ. ಅದರ ಜೊತೆ ಆ ದಿನ ಹೇಗನ್ನಿಸಿತು ಅಂತಲೂ ಒಂದು ಸಾಲು ಬರೆ. ಮಕ್ಕಳ ವಾರ್ಡಿನಿಂದ ಬಂದ ದಿನ ಮನಸ್ಸು ಭಾರವಾಗಿತ್ತಾ? ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ವಾ? ನಿನಗೆ ಯಾವುದು ಒಗ್ಗುತ್ತದೆ ಅಂತ ನನಗಿಂತ ಆ ಸಾಲುಗಳು ಚೆನ್ನಾಗಿ ಹೇಳುತ್ತವೆ. ಇಂಟರ್‌ವ್ಯೂನಲ್ಲಿ ‘ನಾನು ಶ್ರಮಜೀವಿ’ ಅನ್ನುವುದಕ್ಕಿಂತ ಅದರೊಳಗಿನ ಒಂದು ಘಟನೆ ಹೇಳು. ಮಾಡದ ಕೆಲಸವನ್ನು ಮಾತ್ರ ಮಾಡಿದ್ದೇನೆ ಅನ್ನಬೇಡ. ಕ್ಯಾತಿಟರ್, ಅಂದರೆ ಮೂತ್ರದ ನಳಿಕೆ, ಹಾಕುವುದನ್ನು ನೋಡಿದ್ದರೆ ನೋಡಿದ್ದೇನೆ ಅನ್ನು. ಅದನ್ನು ಕಲಿಸಬಹುದು, ಸುಳ್ಳು ಹೇಳಿದವಳ ಕೈಗೆ ರೋಗಿಯನ್ನು ಒಪ್ಪಿಸುವುದು ಹೇಗೆ?

ವಾರ್ಡಿನಲ್ಲಿ ಮಾಡಿದ ಕೆಲಸ ಬರೆಯುವ ಕಾಲೇಜಿನ ಲಾಗ್‌ಬುಕ್ಕಿಗೆ ಸಹಿ ಆವತ್ತಾವತ್ತೇ ಹಾಕಿಸಿಕೋ. ಕ್ಲಿನಿಕಲ್ ಗಂಟೆಗಳ ದಾಖಲೆ, ಅಂಕಪಟ್ಟಿ ಎಲ್ಲದರ ಪ್ರತಿ ಜೋಪಾನ. ಮುಂದೆ ಬೇರೆ ದೇಶಕ್ಕೆ ಹೋಗುವ ಮನಸ್ಸಾದರೆ ಅಲ್ಲಿ ಮತ್ತೆ ನೋಂದಣಿ ಆಗಬೇಕು, ಆಗ ಇವನ್ನೆಲ್ಲ ಕೇಳುತ್ತಾರೆ. ಮೇಲಿನ ಓದು ಎರಡು ವರ್ಷ ಕೆಲಸ ಮಾಡಿದ ಮೇಲೆ ನೋಡೋಣ.

ಮತ್ತೆ ರೋಗಿಯನ್ನು ಮಗ್ಗುಲು ಬದಲಿಸುವಾಗ ಒಬ್ಬಳೇ ಎಳೆಯಬೇಡ, ಯಾರನ್ನಾದರೂ ಕರೆ. ಮಂಚವನ್ನು ನಿನ್ನ ಸೊಂಟದ ಎತ್ತರಕ್ಕೆ ಏರಿಸಿಕೋ. ನನ್ನ ಬೆನ್ನು ನೋವು ನಿನಗೆ ಗೊತ್ತೇ ಇದೆ.

ಮುಂದಿನ ಪೋಸ್ಟಿಂಗ್ ಯಾವ ವಾರ್ಡ್ ಅಂತ ಬರೆಯಲೇ ಇಲ್ಲ ನೀನು. ಮೊದಲ ವಾರ ಮುಗಿದ ಮೇಲೆ ಪುಸ್ತಕ ಎದುರಿಗೆ ಇಟ್ಟುಕೊಂಡು ನನಗೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿನ್ನ
ದೊಡ್ಡಮ್ಮ