ಹಿನ್ನೀರಿನ ಆಚೆ ದಡದವರಿಗೆ ನಮ್ಮ ಮನೆಯವರ ನಮಸ್ಕಾರ

ಅಜ್ಜಿಯ ವಿಷಯ ಕೇಳಿ ಫೋನು ಮಾಡಿದವರಿಗೆ, ಸಂದೇಶ ಕಳುಹಿಸಿದವರಿಗೆ, ಸಾಗರದ ಪೇಟೆಯಲ್ಲಿ ಸಿಕ್ಕಾಗ ನಿಲ್ಲಿಸಿ ವಿಚಾರಿಸಿದವರಿಗೆ ಮೊದಲು ಸುದ್ದಿ ಹೇಳಿಬಿಡುತ್ತೇನೆ. ಅಜ್ಜಿ ನಡೆಯುತ್ತಿದ್ದಾಳೆ. ಕೋಲು ಬೇಕು, ಹೊಸ್ತಿಲು ದಾಟುವಾಗ ಯಾರಾದರೂ ಕೈ ಹಿಡಿಯಬೇಕು, ಆದರೆ ನಡೆಯುತ್ತಿದ್ದಾಳೆ. ಯುಗಾದಿ ಕಳೆದ ಮೇಲೆ ಒಂದು ದಿನ ಅಡುಗೆಮನೆಗೆ ಬಂದು, ಕುರ್ಚಿ ಹಾಕಿಸಿಕೊಂಡು ಕುಳಿತು, ಭರಣಿಯೊಳಗೆ ಇಣುಕಿ, ಮಿಡಿಗೆ ಉಪ್ಪು ಸಾಲದು ಎಂದಳಂತೆ. ಅದನ್ನು ನನಗೆ ಫೋನಿನಲ್ಲಿ ಹೇಳುವಾಗ ಅತ್ತೆ (ಅಜ್ಜಿಯ ಸೊಸೆ) ಅಳುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಬಚ್ಚಲುಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಎಂಬತ್ತು ದಾಟಿದ ಮುದುಕಿ ಇನ್ನು ಹಾಸಿಗೆಯೇ ಗತಿ ಎಂದು ನಾವೆಲ್ಲರೂ ಒಳಗೊಳಗೇ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಏಕೆ ಹಾಗಾಗಲಿಲ್ಲ ಎಂಬುದನ್ನು ನಾಲ್ಕು ಜನರ ಎದುರು ಹೇಳಬೇಕು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಜ್ಜನ ಮನೆ ಇರುವುದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಸಿಗಂದೂರಿಗೆ ಹೋಗಿ ಬಂದವರಿಗೆ ಆ ನೀರಿನ ಅಗಲ ಗೊತ್ತು. ಅಜ್ಜಿ ಬಿದ್ದದ್ದು ರಾತ್ರಿ ಊಟವಾದ ಮೇಲೆ. ಎರಡು ವರ್ಷ ಹಿಂದೆ ಹೀಗಾಗಿದ್ದರೆ ಬೆಳಗಿನ ಲಾಂಚು ಬಿಡುವವರೆಗೆ ಆಕೆಯನ್ನು ನೋವಿನಲ್ಲೇ ಮಲಗಿಸಿಕೊಂಡಿರಬೇಕಿತ್ತು. ಇಲ್ಲವೇ ನಿಟ್ಟೂರು, ಹೊಸನಗರದ ಮೇಲೆ ಸುತ್ತು ಹಾಕಿ, ಗುಂಡಿಬಿದ್ದ ರಸ್ತೆಯಲ್ಲಿ ಮುರಿದ ಕಾಲನ್ನು ಕುಲುಕಾಡಿಸಿಕೊಂಡು ಒಯ್ಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಆ ಸೇತುವೆಯ ಮೇಲೆ ನಡುರಾತ್ರಿಗೆ ಮುಂಚೆಯೇ ಗಾಡಿ ಅಜ್ಜಿಯನ್ನು ದಾಟಿಸಿತು. ಸೇತುವೆ ಬೇಕೆಂದು ದಶಕಗಳ ಕಾಲ ಅರ್ಜಿ ಹಿಡಿದು ಅಲೆದವರು, ಧರಣಿ ಕುಳಿತವರು, ಪಾದಯಾತ್ರೆ ಮಾಡಿದವರು ನಮ್ಮ ದಡದ ಕರೂರು ಸೀಮೆಯ ಮನೆಮನೆಯಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಸೇತುವೆ ನೋಡದೆಯೇ ಹೋದರು. ನನ್ನ ಮೊದಲ ನಮಸ್ಕಾರ ಅವರಿಗೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಈ ವಯಸ್ಸಿನಲ್ಲಿ ಏಕೆ ತಡಮಾಡಬಾರದು ಎಂಬುದನ್ನು ಅಜ್ಜಿಗೇ ನೇರವಾಗಿ, ಮಂಚದ ಪಕ್ಕ ಕುಳಿತು ಹೇಳಿದರು. ಮಲಗಿದಷ್ಟೂ ಪುಪ್ಪುಸದಲ್ಲಿ ಕಫ ಕಟ್ಟುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತದೆ. ಮುರಿದ ಮೂಳೆಗಿಂತ ಮಲಗುವುದೇ ಮುದುಕರಿಗೆ ಅಪಾಯ. ಮರುದಿನವೇ ಅವಳನ್ನು ಎಬ್ಬಿಸಿ ಕೂರಿಸಿದರು. ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ ಅಜ್ಜಿಯ ಗೊಣಗಾಟವನ್ನೆಲ್ಲ ನಗುತ್ತಲೇ ಕೇಳಿಸಿಕೊಂಡು, ಕಾಲೆತ್ತಿಸದೆ ಮಾತ್ರ ಬಿಡುತ್ತಿರಲಿಲ್ಲ. ರಕ್ತ ಬೇಕೆಂದಾಗ ನಮ್ಮ ಕೇರಿಯ ಹುಡುಗರು ಹೇಳಿಕಳುಹಿಸುವುದಕ್ಕೂ ಕಾಯದೆ ಬಂದಿದ್ದರು. ಇವರೆಲ್ಲರ ಋಣ ನಮ್ಮ ಮೇಲಿದೆ.

ಇನ್ನು ಅತ್ತೆಯ ವಿಷಯ. ಮಾವ ಎಂದರೆ ನನ್ನ ಅಮ್ಮನ ಅಣ್ಣ, ಅತ್ತೆ ಅವರ ಹೆಂಡತಿ. ಅತ್ತೆಗೂ ಈಗ ಅರವತ್ತರ ಹತ್ತಿರ, ಅವರ ಮಂಡಿಯೂ ನೋಯುತ್ತದೆ. ತಿಂಗಳುಗಟ್ಟಲೆ ಅಜ್ಜಿಯನ್ನು ಎತ್ತಿ, ಮಗ್ಗುಲು ಹೊರಳಿಸಿ, ಮೈ ಒರೆಸಿ, ರಾತ್ರಿ ಅವಳ ಮಂಚದ ಕೆಳಗೇ ಚಾಪೆ ಹಾಸಿ ಮಲಗಿದರು. ಮನೆಯವರಿಗೆ ಧನ್ಯವಾದ ಹೇಳುವ ವಾಡಿಕೆ ನಮ್ಮಲ್ಲಿ ಇಲ್ಲ. ಎದುರಿಗೆ ಹೇಳಿದರೆ ಅತ್ತೆಗೆ ಸಿಟ್ಟೇ ಬರುತ್ತದೆ. ಅದಕ್ಕೇ ಇಲ್ಲಿ, ಅವರು ತಡೆಯಲಾಗದ ಜಾಗದಲ್ಲಿ ಹೇಳುತ್ತಿದ್ದೇನೆ: ಅಜ್ಜಿಯನ್ನು ಉಳಿಸಿದವರು ಅತ್ತೆ.

ನಾನೂ ಕೆಲಸವನ್ನು ಕಂಪ್ಯೂಟರ್ ಸಮೇತ ಹೊತ್ತುಕೊಂಡು ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಚಳಿಗಾಲದ ಬಹುಭಾಗ ಇದ್ದೆ. ಅಜ್ಜಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದೊಂದು ದಿನ ಅತ್ತೆಯನ್ನು ಒಳಗೆ ಮಲಗಿಸಿ ನಾನು ಕೂರುತ್ತಿದ್ದೆ. ಆಗ ಅವಳು ಮಾತಿಗೆ ತೊಡಗುತ್ತಿದ್ದಳು. ಆ ಮಾತುಗಳಲ್ಲಿ ನನ್ನ ಬಾಲ್ಯದ ಬೇಸಿಗೆಗಳು ಮೊದಲ ಬಾರಿಗೆ ಅವಳ ಕಡೆಯಿಂದ ಕಂಡವು.

ನಮ್ಮ ಕಡೆಯಿಂದ ಕಂಡದ್ದು ಇಷ್ಟು. ಏಪ್ರಿಲ್ ಹತ್ತಕ್ಕೆ ಪಾಸೋ ಫೇಲೋ ತಿಳಿಯುತ್ತಿತ್ತು; ಆ ರಾತ್ರಿಯೇ ಬಸ್ಸು. ಬೆಳಿಗ್ಗೆ ಸಾಗರದಲ್ಲಿಳಿದು ಇನ್ನೊಂದು ಬಸ್ಸು ಹತ್ತಿದರೆ ಅದು ಹೊಳೆಬಾಗಿಲಿನಲ್ಲಿ ನಮ್ಮನ್ನು ಇಳಿಸಿ ತಾನೂ ಲಾಂಚು ಹತ್ತುತ್ತಿತ್ತು. ಬಸ್ಸೊಂದು ನೀರಿನ ಮೇಲೆ ಹೋಗುವುದನ್ನು ನೋಡಿದ್ದೇನೆ ಎಂದರೆ ಬೆಂಗಳೂರಿನ ಗೆಳತಿಯರು ನಂಬುತ್ತಿರಲಿಲ್ಲ. ಮೇ ಬರುತ್ತಿದ್ದಂತೆ ನೀರು ಕೆಳಗಿಳಿಯುತ್ತಿತ್ತು, ದಡ ದೂರ ಸರಿಯುತ್ತಿತ್ತು. ಕೆಲವು ವರ್ಷ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಲಾಂಚಿನ ಸಿಬ್ಬಂದಿಗೆ ನಾವು ಯಾರ ಮನೆಯ ಮಕ್ಕಳು ಎಂಬುದು ಗೊತ್ತಿತ್ತು. ಅಂಚಿಗೆ ಹೋಗಿ ಬಗ್ಗಿದರೆ ಗದರಿಸಿ, ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು. ಆಚೆ ದಡದಲ್ಲಿ ಅಜ್ಜ, ಬಾಯಲ್ಲಿ ಕವಳ, ಹೆಗಲ ಮೇಲೆ ಬೈರಾಸು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಅಕ್ಕತಂಗಿಯರ, ಅಣ್ಣತಮ್ಮಂದಿರ ಮಕ್ಕಳೆಲ್ಲ ಸೇರಿ ಹತ್ತು ಹನ್ನೆರಡು ಜನ. ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆ, ಜೋನಿ ಬೆಲ್ಲ. ಬೆಟ್ಟಕ್ಕೆ ಹೋದರೆ ಕೌಳಿ ಹಣ್ಣು, ಮುರುಗಲು, ಗೇರುಹಣ್ಣು. ಅಂಗಿಯ ಮೇಲೆಲ್ಲ ಗೇರಿನ ಕಲೆ. ತೋಟದ ಕಾದಿಗೆಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ಏಡಿ ಹುಡುಕುವುದು. ಮಧ್ಯಾಹ್ನ ಅಪ್ಪೆಹುಳಿ ಕುಡಿದು ಜಗಲಿಯಲ್ಲಿ ಬಿದ್ದುಕೊಂಡರೆ ಸಂಜೆಯವರೆಗೂ ನಿದ್ದೆ. ಕೇರಿಯ ಆ ತುದಿಯಲ್ಲಿ ದೀವರ ಸಮುದಾಯದ ಅಮ್ಮನೊಬ್ಬರಿದ್ದರು, ಮದುವೆಗಳ ಕಾಲದಲ್ಲಿ ಅವರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದನ್ನು ನೋಡಲು ಓಡುತ್ತಿದ್ದೆವು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿನಾರಿನ ಕುಂಚ. ಕೈ ನಡುಗದೆ ಒಂದೇ ಉಸಿರಿನಲ್ಲಿ ಗೆರೆ ಎಳೆಯುತ್ತಿದ್ದರು. ಮುಂದೆ ಚಿತ್ರಕಲೆಯನ್ನೇ ಕಲಿತ ನನ್ನ ಚಿಕ್ಕಮ್ಮನ ಮಗಳಿಗೆ ಅವರೇ ಮೊದಲ ಗುರು.

ಹಲಸಿನ ಹಪ್ಪಳದ ದಿನವಂತೂ ಹಬ್ಬ. ಬಲಿತ ಕಾಯಿ ಕೊಯ್ದು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸೊಳೆ ಬಿಡಿಸುವುದು, ಅದನ್ನು ಬೇಯಿಸಿ ಬಿಸಿ ಆರುವ ಮೊದಲೇ ಒರಳಿಗೆ ಹಾಕುವುದು. ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿ ಒನಕೆಯಲ್ಲಿ ಕುಟ್ಟಿದಷ್ಟೂ ಹಿಟ್ಟು ಅಂಟಂಟಾಗಿ ಒನಕೆಯನ್ನೇ ಹಿಡಿದುಕೊಳ್ಳುತ್ತಿತ್ತು. ಅಜ್ಜಿ ಉಂಡೆ ಕಟ್ಟುತ್ತಿದ್ದಳು, ದೊಡ್ಡಮ್ಮ ಒತ್ತುತ್ತಿದ್ದರು, ನಾವು ಚಾಪೆಯ ಮೇಲೆ ಸಾಲಾಗಿ ಹರಡುತ್ತಿದ್ದೆವು. ಕಾಗೆ ಕಾಯುವುದು ನಮ್ಮ ಪಾಲಿನ ಕೆಲಸ. ಅರ್ಧ ಒಣಗಿದ ಹಪ್ಪಳವನ್ನು ಕಾಗೆಗಿಂತ ಹೆಚ್ಚು ನಾವೇ ತಿನ್ನುತ್ತಿದ್ದೆವು. ಅಜ್ಜಿಗೆ ಗೊತ್ತಿದ್ದೂ ಎಂದೂ ಎಣಿಸಲಿಲ್ಲ.

ಅಜ್ಜಿಯ ಕಡೆಯಿಂದ ಕೇಳಿದ್ದು ಬೇರೆಯೇ. ಏಪ್ರಿಲ್, ಮೇ ಎಂದರೆ ಅವಳಿಗೆ ವರ್ಷದಲ್ಲೇ ಹೆಚ್ಚು ಕೆಲಸದ ಕಾಲ. ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಟ್ಟಬೇಕು, ದರಕು (ಒಣ ಎಲೆ) ತುಂಬಬೇಕು, ಆರು ತಿಂಗಳ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಆಗಬೇಕು. ಅದೇ ಹೊತ್ತಿಗೆ ಮಕ್ಕಳು ಬರುತ್ತಾರೆ. "ನೀವು ಬರುತ್ತೀರಿ ಎಂದು ಶಿವರಾತ್ರಿಯಿಂದಲೇ ತಯಾರಿ ಕೂಸೇ" ಎಂದಳು. ಆಲೆಮನೆಯಿಂದ ಬಂದ ಜೋನಿಬೆಲ್ಲದಲ್ಲಿ ಒಳ್ಳೆಯದನ್ನು ಬೇರೆ ಡಬ್ಬಕ್ಕೆ ತುಂಬಿ ಅಟ್ಟದಲ್ಲಿ ಇಡುತ್ತಿದ್ದಳಂತೆ. ಕೆಲವು ವರ್ಷ ಮನೆಯ ಹಸು ಬೇಸಿಗೆಯಲ್ಲಿ ಬತ್ತುತ್ತಿತ್ತು. ಆಗ ನಾವು ಕುಡಿದ ಹಾಲು ಪಕ್ಕದ ಮನೆಯದು. ಅವರ ಮನೆಯ ಮಕ್ಕಳಿಗೆ ಕಡಿಮೆ ಮಾಡಿಕೊಂಡು ತಂಬಿಗೆ ತುಂಬಿ ಕೊಡುತ್ತಿದ್ದರು, ಲೆಕ್ಕ ಬರೆದಿಟ್ಟವರಲ್ಲ. ನಾವು ಕಚ್ಚಾಡಿಕೊಂಡು ಹೊದೆಯುತ್ತಿದ್ದ ಕಂಬಳಿಗಳಲ್ಲಿ ಅರ್ಧದಷ್ಟು ನಮ್ಮ ಮನೆಯವೇ ಅಲ್ಲ. ಕೇರಿಯ ನಾಲ್ಕು ಮನೆಗಳಿಂದ ತಂದು, ಜೂನ್‌ನಲ್ಲಿ ಒಗೆದು ಒಣಗಿಸಿ ಹಿಂದಿರುಗಿಸುತ್ತಿದ್ದರು. ಹೊಳೆಗೆ ಇಳಿದಾಗ ದಡದಲ್ಲಿ ಸೊಪ್ಪು ಕೊಯ್ಯುತ್ತಿರುವಂತೆ ಕಾಣುತ್ತಿದ್ದ, ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ನಮ್ಮ ಮೇಲೆ ಕಣ್ಣಿಡುವಂತೆ ಅಜ್ಜಿಯೇ ಹೇಳಿದ್ದಳು. ಆಕೆಗೆ ಈಜು ಬರುತ್ತಿತ್ತು. ನಮಗೆ ಯಾರಿಗೂ ಬರುತ್ತಿರಲಿಲ್ಲ.

ಇದನ್ನೆಲ್ಲ ಅಜ್ಜಿ ದೊಡ್ಡ ಸಂಗತಿ ಎಂದು ಹೇಳಲಿಲ್ಲ. ಔಷಧಿಯ ಹೊತ್ತಿಗೆ ಕಾಯುತ್ತಾ, ಮಾತಿಗೆ ಮಾತು ಬಂದು ಹೇಳಿದಳು. ನಾನು ಮಾತ್ರ ಆ ರಾತ್ರಿಗಳಲ್ಲಿ ಬಹಳ ಹೊತ್ತು ಎಚ್ಚರವಿದ್ದೆ. ನಮ್ಮ ಬೇಸಿಗೆಯನ್ನು ಅಜ್ಜ ಅಜ್ಜಿ ಇಬ್ಬರೇ ಕೊಟ್ಟರು ಎಂದುಕೊಂಡಿದ್ದೆ. ಒಂದು ಕೇರಿಗೆ ಕೇರಿಯೇ ಸೇರಿ ಕೊಟ್ಟಿತ್ತು.

ಆ ಕೇರಿಯೂ ಸುಮ್ಮನೆ ಹುಟ್ಟಿದ್ದಲ್ಲ. ಅಜ್ಜಿ ಮದುವೆಯಾಗಿ ಬಂದದ್ದು ಈಗಿನ ಮನೆಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಹಳೆಯ ಮನೆ, ಅದರ ಸುತ್ತಲಿನ ಗದ್ದೆ, ತೋಟ ಎಲ್ಲ ಮುಳುಗಿದವು. ಕಂಬ, ತೊಲೆ, ಬಾಗಿಲು ಕಿತ್ತು ಗಾಡಿಯಲ್ಲಿ ಹೇರಿಕೊಂಡು ಮೇಲೆ ಬಂದರು. ಈಗಿನ ಮನೆಯ ಪ್ರಧಾನ ಬಾಗಿಲು ಆ ಮನೆಯದೇ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅಜ್ಜ ನಮ್ಮನ್ನು ದಡಕ್ಕೆ ಕರೆದೊಯ್ದು, ಬಿರುಕುಬಿಟ್ಟ ಕೆಸರಿನ ಮೇಲೆ ನಿಂತಿರುವ ಒಣ ಮರದ ಬೊಡ್ಡೆಗಳನ್ನು ಕೋಲಿನಿಂದ ತೋರಿಸಿ, "ಅದರಾಚೆ ಕೊಟ್ಟಿಗೆ, ಈಚೆ ಬಾವಿ" ಎನ್ನುತ್ತಿದ್ದ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಅಂಥ ವರ್ಷಗಳಲ್ಲಿ ನೀರಿನಿಂದ ಎದ್ದು ಕಾಣುತ್ತದೆ. ಅಣೆಕಟ್ಟನ್ನೇ ಅಣೆಕಟ್ಟು ನುಂಗಿದ ಊರು ನಮ್ಮದು. ಈ ನೀರಿನಿಂದ ನಾಡಿಗೆಲ್ಲ ವಿದ್ಯುತ್ತು ಸಿಕ್ಕಿತು. ಈ ದಡದ ಎಷ್ಟೋ ಮನೆಗಳಲ್ಲಿ ವರ್ಷಾನುಗಟ್ಟಲೆ ಚಿಮಣಿ ಬುಡ್ಡಿಯೇ ಉರಿಯಿತು. ಮುಳುಗಡೆಯಿಂದ ಮೇಲೆ ಬಂದವರು ಯಾವ ಜಾತಿ, ಯಾವ ಮನೆ ಎನ್ನದೆ ಒಬ್ಬರ ಚಪ್ಪರಕ್ಕೆ ಇನ್ನೊಬ್ಬರು ಸೋಗೆ ಹೊದಿಸಿಕೊಟ್ಟರಂತೆ. ಹಾಲು, ಕಂಬಳಿ ಕೊಟ್ಟು ತೆಗೆದುಕೊಳ್ಳುವ ಬಳಕೆ ಅಲ್ಲಿಂದ ಬಂದದ್ದು ಎಂದು ಅಜ್ಜಿ ಹೇಳುತ್ತಾಳೆ. ಅಜ್ಜ ಹೋಗಿ ವರ್ಷಗಳಾದವು. ಈ ಮಾತಿಗೆ ಅವನೂ ತಲೆದೂಗುತ್ತಿದ್ದ ಎಂದು ನನಗೆ ಗೊತ್ತು.

ಈ ಸಲ ಅದೇ ಬಳಕೆ ನಮ್ಮನ್ನು ಕಾಯಿತು. ಅಜ್ಜಿ ಬಿದ್ದದ್ದು ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ. ಮಾವ ಆಸ್ಪತ್ರೆಯಲ್ಲಿ, ಅತ್ತೆಯೂ ಆಸ್ಪತ್ರೆಯಲ್ಲಿ, ತೋಟದಲ್ಲಿ ಅಡಿಕೆ ಹಣ್ಣಾಗುತ್ತಿತ್ತು. ಅಡಿಕೆ ಕೊಯ್ಯುವ ಕೊನೆಗೌಡರು ನಮ್ಮ ಸರದಿಯನ್ನು ಬೇರೆಯವರಿಗೆ ಕೊಡದೆ ತಾವೇ ಬಂದು ಮರ ಹತ್ತಿದರು. ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಾಗಿ ಬಂದ ಕೇರಿಯ ಹೆಂಗಸರು ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಕುಳಿತು ಸುಲಿದು, ಬೇಯಿಸಿ, ಒಣಗಿಸಲು ಹಾಕಿಕೊಟ್ಟರು. ನಾವು ಅಜ್ಜಿಯನ್ನು ಕರೆದುಕೊಂಡು ಬಂದಾಗ ಕೊಟ್ಟಿಗೆ ಗುಡಿಸಿತ್ತು, ಹಂಡೆಯಲ್ಲಿ ನೀರು ಕಾದಿತ್ತು, ಒಲೆಯ ಮೇಲೆ ಗಂಜಿ ಇತ್ತು. ಬಚ್ಚಲಿನ ಜಾರುವ ಮೆಟ್ಟಿಲನ್ನು ಯಾರೋ ಒಡೆದು, ಇಳಿಜಾರು ಮಾಡಿ, ಗೋಡೆಗೆ ಹಿಡಿಕೆಯನ್ನೂ ಕೂರಿಸಿದ್ದರು. ಯಾರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಇಂದಿಗೂ ನಮಗೆ ಸರಿಯಾಗಿ ತಿಳಿದಿಲ್ಲ. ಯಾರೇ ಆಗಿರಲಿ, ನಿಮ್ಮ ಕೈಗೆ ನಮಸ್ಕಾರ.

ಲಾಂಚಿನ ಸಿಬ್ಬಂದಿಯನ್ನೂ ನೆನೆಯಬೇಕು. ಸೇತುವೆ ಬಂದ ಸಂಭ್ರಮದಲ್ಲಿ ಅವರನ್ನು ಮರೆಯುವುದು ಸುಲಭ. ದಶಕಗಳ ಕಾಲ ಬಸುರಿಯರನ್ನು, ರೋಗಿಗಳನ್ನು, ಮದುವೆಯ ದಿಬ್ಬಣಗಳನ್ನು, ಬೆಂಗಳೂರಿನ ಮಕ್ಕಳನ್ನು ಒಂದೇ ಜೋಪಾನದಲ್ಲಿ ದಾಟಿಸಿದವರು ಅವರು.

ಈ ಬೇಸಿಗೆಗೆ ನಮ್ಮ ಮಕ್ಕಳು ಅಜ್ಜನ ಮನೆಗೆ ಬಂದಿದ್ದಾರೆ. ಅಪ್ಪೆಮಿಡಿ ಈ ಸಲ ಕಡಿಮೆ, ಸಿಕ್ಕಷ್ಟನ್ನು ಅಜ್ಜಿ ಕುರ್ಚಿಯಲ್ಲಿ ಕುಳಿತೇ ಆರಿಸಿದಳು. ತೊಟ್ಟು ಮುರಿದದ್ದು, ಪೆಟ್ಟಾದದ್ದು ಪಕ್ಕಕ್ಕೆ, ಉಳಿದದ್ದು ಪದರ ಪದರವಾಗಿ ಉಪ್ಪಿನೊಂದಿಗೆ ಭರಣಿಗೆ. ಉಪ್ಪುನೀರಿನಲ್ಲಿ ಮಿಡಿ ಚಿರುಟಿದ ಮೇಲೆ ಆ ನೀರನ್ನೇ ಕುದಿಸಿ ಆರಿಸಿ, ಸಾಸಿವೆ, ಮೆಣಸು, ಅರಿಸಿನ ಅರೆದು ಕಲಸಿದ್ದಾಯಿತು. ಮೊದಲ ಭರಣಿ ಪಕ್ಕದ ಮನೆಗೆ ಹೋಗಿದೆ. ಉಳಿದವರ ಮನೆಗೆ ಮಾವ ತಲುಪಿಸುತ್ತಾರೆ, ದಯವಿಟ್ಟು ಬೇಡ ಎನ್ನಬೇಡಿ.

ಕೊನೆಯದಾಗಿ ಒಂದು ಮಾತು. ಅಜ್ಜಿಗೆ ತಂದ ವಾಕರ್, ಗಾಲಿ ಕುರ್ಚಿ, ಗಾಳಿ ತುಂಬುವ ಹಾಸಿಗೆ ಈಗ ನಮಗೆ ಬೇಕಾಗಿಲ್ಲ. ತೊಳೆದು, ಬಿಸಿಲಿಗೆ ಒಣಗಿಸಿ ಅಟ್ಟದಲ್ಲಿ ಇಟ್ಟಿದ್ದೇವೆ. ಕರೂರು ಸೀಮೆಯಲ್ಲಾಗಲಿ, ಹೊಳೆಯ ಆ ಕಡೆಯಾಗಲಿ, ಯಾರ ಮನೆಗೆ ಬೇಕಾದರೂ ಒಯ್ಯಬಹುದು. ಕೆಲಸ ಮುಗಿದ ಮೇಲೆ ನಮಗೇ ಹಿಂದಿರುಗಿಸಬೇಕೆಂದಿಲ್ಲ, ಮುಂದೆ ಬೇಕಾದವರಿಗೆ ಕೊಟ್ಟರೆ ಸಾಕು ಎಂದು ಅಜ್ಜಿಯೇ ಹೇಳಿದ್ದಾಳೆ.